ಗುಡಿಸುವ ಪರವಾನಗಿ

ನಮ್ಮ ಊರಿನಲ್ಲಿ ಒಬ್ಬರು ತೀರಿಕೊಂಡರೆ ಅವರ ಬೀದಿ ನೂರು ಹೆಜ್ಜೆ ಉದ್ದವಾಗುತ್ತದೆ. ಪಟ್ಟಿ ಕಚೇರಿಯ ಕಂಪ್ಯೂಟರಿನಲ್ಲಿ ಬೀದಿಗೊಂದು ಪಟ್ಟಿ, ಪಟ್ಟಿಯಲ್ಲಿ ಆಳಿಗೊಂದು ಸಾಲು. ಗುಮಾಸ್ತರು ಆ ಸಾಲನ್ನು ಹೊಡೆದುಹಾಕಿದ ಗಳಿಗೆಯಲ್ಲೇ ಸತ್ತವರ ಮನೆಯ ಮಗ್ಗುಲಲ್ಲಿ ಅಷ್ಟು ಬರಿನೆಲ ಬಂದು ಬೀಳುತ್ತದೆ. ಹನ್ನೊಂದು ದಿನದ ಕೂಸಿಗೂ ಎಂಬತ್ತು ದಾಟಿದ ಮುದುಕರಿಗೂ ಒಂದೇ ಅಳತೆ. ಇದಕ್ಕೆ ಸಾಯಲೇಬೇಕೆಂದೂ ಇಲ್ಲ. ಮದುವೆಯಾಗಿ ಹೆಸರು ತಿದ್ದಿಸಿದರೂ, ಕಸುಬು ಬದಲಾಯಿಸಿ ಬರೆಸಿದರೂ, ಹಳೆಯ ಸಾಲು ಸತ್ತು ಅದರ ಜಾಗಕ್ಕೆ ಹೊಸದು ಬರುತ್ತದೆ; ಸತ್ತ ಸಾಲಿನ ನೆಲ ಬೀದಿಯ ಪಾಲಿಗೆ ಉಳಿಯುತ್ತದೆ. ಆ ನೆಲದಲ್ಲಿ ಹುಲ್ಲು ಹುಟ್ಟುವುದಿಲ್ಲ. ಅದರ ಮೇಲೆ ಮೋಟಾರು ಗಾಡಿಯೂ ಮನುಷ್ಯರ ನಡಿಗೆಗಿಂತ ಬೇಗ ಹೋಗುವುದಿಲ್ಲ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಮದುವೆಯಾದವರು ಮಾರನೆಯ ದಿನ ಬೀದಿಗೆಲ್ಲ ಪಾನಕ ಹಂಚಿ, ನಿಮ್ಮ ದಾರಿ ಉದ್ದ ಮಾಡಿದೆವು, ಬೇಜಾರು ಮಾಡಿಕೊಳ್ಳಬೇಡಿ ಎಂದು ಕೈ ಮುಗಿಯುವುದು ರೂಢಿ. ಬೀದಿಯ ಕೊನೆಯ ಮನೆಗಳಿಗೆ ಹಾಲು ಮುಟ್ಟುವಷ್ಟರಲ್ಲಿ ಒಡೆದಿರುತ್ತದೆಂದು ಅಲ್ಲಿಯವರು ಕರಿ ಕಾಫಿಗೇ ನಾಲಿಗೆ ಪಳಗಿಸಿದ್ದಾರೆ. ಅಂಚೆಯವನು ಬುತ್ತಿ ಕಟ್ಟಿಕೊಂಡು ಬರುತ್ತಾನೆ. ಒಬ್ಬರಂತೂ ತಮ್ಮ ಹೆಸರಿನಲ್ಲಿದ್ದ ತಪ್ಪನ್ನು ತಿದ್ದಿಸಿದರೆ ಬೀದಿಗೆ ಭಾರವೆಂದು ಮೂವತ್ತು ವರ್ಷ ಬೇರೆ ಯಾರದೋ ಹೆಸರಿನಲ್ಲಿ ಬದುಕಿದರು.

ಉದ್ದವಾದ ಬೀದಿಯನ್ನು ಗುಡಿಸಿದರೆ ಮೊದಲಿನಂತಾಗುತ್ತದೆ. ಗುಡಿಸುವುದೆಂದರೆ ಪೊರಕೆಯ ಕೆಲಸವಲ್ಲ. ಪಟ್ಟಿಯಲ್ಲಿ ಸತ್ತುಬಿದ್ದ ಸಾಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಮ್ಮೆಗೇ ತೆಗೆದು ಹಾಕಿ, ಉಳಿದವನ್ನು ಒತ್ತೊತ್ತಿಗೆ ಕೂರಿಸುವುದು. ಅಷ್ಟು ಹೊತ್ತು ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಬೇಕು. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ಈ ಕೆಲಸ ಪಟ್ಟಿಯ ಒಡೆಯರಿಗೆ ಮಾತ್ರ ಸಲ್ಲುತ್ತಿತ್ತು. ಬೀದಿಗೊಬ್ಬರು ಒಡೆಯರು, ಅವರ ಮನೆಯಲ್ಲೊಂದು ಕಂಪ್ಯೂಟರಿನ ಪರದೆ. ಒಡೆಯರಿಗೆ ವಯಸ್ಸಾಯಿತು, ಮೈ ಹುಷಾರಿಲ್ಲ, ಮನಸ್ಸಿಲ್ಲ ಎಂದರೆ ಬೀದಿ ತನ್ನ ಪಾಡಿಗೆ ಬೆಳೆಯುತ್ತಿರುತ್ತಿತ್ತು.

ನನ್ನ ಹೆಸರು ಮಾದೇವಿ. ಪಟ್ಟಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಯಂತ್ರಗಳ ದೇಖರೇಖಿ ನನ್ನದು. ಯಂತ್ರ ಬಿಸಿಯಾದರೆ ತಣ್ಣಗೆ ಮಾಡುವುದು, ಕೆಟ್ಟರೆ ಬಿಚ್ಚಿ ಜೋಡಿಸುವುದು. ಪಟ್ಟಿಗಳ ಒಳಗೆ ಏನಿದೆಯೆಂದು ನೋಡುವ ಹಕ್ಕು ನನಗಿರಲಿಲ್ಲ, ನೋಡಬೇಕೆನ್ನುವ ಚಪಲವೂ ಇರಲಿಲ್ಲ. ನನಗಿಂತ ಮೊದಲು ಈ ಕೆಲಸದಲ್ಲಿದ್ದವನಿಗೆ ಆ ಚಪಲ ಇತ್ತು. ಗುಡಿಸಲು ಅನುಕೂಲವಾಗಲೆಂದು ನಾಲ್ಕು ಬೀದಿಯ ಒಡೆಯರು ಅವನಿಗೆ ತಮ್ಮ ಪೂರ್ತಿ ಅಧಿಕಾರವನ್ನೇ ಬಿಟ್ಟುಕೊಟ್ಟಿದ್ದರು. ಅವನು ಗುಡಿಸುತ್ತ ಗುಡಿಸುತ್ತ ಓದಿದ. ಒಬ್ಬ ಹೆಂಗಸಿಗೆ ಮೊದಲೊಂದು ಮದುವೆಯಾಗಿತ್ತೆಂಬುದನ್ನು ಚಹಾದಂಗಡಿಯಲ್ಲಿ ಕೂತು ಹೇಳಿದ. ಆಕೆ ಊರು ಬಿಟ್ಟಳು. ಅಂದಿನಿಂದ ಯಾವ ಒಡೆಯರೂ ತಮ್ಮ ಪಟ್ಟಿಯ ಹತ್ತಿರಕ್ಕೆ ಇನ್ನೊಬ್ಬರನ್ನು ಬಿಟ್ಟುಕೊಂಡಿರಲಿಲ್ಲ. ಬೀದಿಗಳು ಬೆಳೆಯುತ್ತಲೇ ಹೋದವು.

ಎಲ್ಲಕ್ಕಿಂತ ಕೆಟ್ಟು ಹೋಗಿದ್ದು ಕಂಚುಗಾರರ ಬೀದಿ. ಅಲ್ಲಿರುವುದು ಅರವತ್ತೇ ಮನೆ. ಒಂದು ತುದಿಯಿಂದ ಇನ್ನೊಂದಕ್ಕೆ ಮೂರು ನಿಮಿಷದ ದಾರಿ. ಎರಡು ವರ್ಷ ಗುಡಿಸದೆ ಅದು ಒಂದು ಗಂಟೆಯ ಮೇಲೆ ಹತ್ತು ನಿಮಿಷದ ದಾರಿಯಾಗಿತ್ತು. ಆ ಬೀದಿಯ ಕೊನೆಗೆ ನನ್ನ ತಂಗಿ ಕೆಂಪಾಜಿಯ ಮನೆ. ಹಿಂದಿನ ವರ್ಷ ಅವಳಿಗೆ ಹೆರಿಗೆ ನೋವು ಬಂದಾಗ ಅವಳ ಗಂಡ ದಾಸಪ್ಪ ತನ್ನ ಸಾಮಾನು ಸಾಗಿಸುವ ಆಟೋದಲ್ಲೇ ಕೂರಿಸಿಕೊಂಡು ಹೊರಟ. ಆಗ ಬೀದಿ ನಲವತ್ತು ನಿಮಿಷ ಇತ್ತು. ಮಗು ಅರ್ಧ ದಾರಿಯಲ್ಲಿ, ಆಟೋದಲ್ಲೇ ಹುಟ್ಟಿತು. ಆಸ್ಪತ್ರೆಯವರು ಏನೇನೋ ಮಾಡಿದರು. ಹನ್ನೊಂದು ದಿನ ಇದ್ದು ಹೋಯಿತು. ಈಗ ಕೆಂಪಾಜಿಗೆ ಮತ್ತೆ ತುಂಬು ಎಂಟು ತಿಂಗಳು. ಹಿಂದಿನ ಸಲ ನಲವತ್ತಿದ್ದ ಬೀದಿ ಈಗ ಎಪ್ಪತ್ತು. ಬೀದಿ ಬಿಟ್ಟು ನಮ್ಮನೆಗೆ ಬಂದಿರು ಎಂದರೆ ಅವಳು, "ನಾನ್ ಎಲ್ಲಿಗೂ ಬರಲ್ಲ ಅಕ್ಕ, ಮನೆ ಬಿಟ್ಟು ಬರಲ್ಲ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹಟಮಾರಿ ಎಂದು ನಾನು ಬೈದುಕೊಂಡಿದ್ದೆ.

ನಮ್ಮ ಕಚೇರಿಯ ಮುಖ್ಯಸ್ಥೆ ಹಲೀಮಾ ಬಾನು ಕಡಿಮೆ ಮಾತಿನವರು. ನಾನು ಹೋಗಿ ಅತ್ತುಕೊಂಡದ್ದನ್ನು ಪೂರ್ತಿ ಕೇಳಿ, ಒಂದು ವಾರ ಬಾಗಿಲು ಹಾಕಿಕೊಂಡು ಕೂತರು. ಆಮೇಲೆ ಕರೆದು ಹೇಳಿದರು: "ನೋಡು ಮಾದೇವಿ, ಓದೋಕೆ ಒಂದು ಪರವಾನಗಿ ಇದೆ, ಸೇರಿಸೋಕೆ ಒಂದಿದೆ, ತಿದ್ದೋಕೆ, ಹೊಡೆದುಹಾಕೋಕೆ ಬೇರೆ ಬೇರೆ ಇದಾವೆ. ಗುಡಿಸೋಕೆ ಮಾತ್ರ ಇಲ್ಲ. ಅದಕ್ಕೇ ಗುಡಿಸಬೇಕು ಅಂದ್ರೆ ಒಡೆತನಾನೇ ಕೊಡಬೇಕಾಗ್ತಿತ್ತು. ಮನೆ ಗುಡಿಸೋಕೆ ಬರೋಳಿಗೆ ಬೀರು ಕೀಲಿ ಯಾಕೆ ಕೊಡ್ಬೇಕು ಹೇಳು?" ಅವರು ಹೊಸದೊಂದು ಪರವಾನಗಿ ಮಾಡಿದ್ದರು. ಅದನ್ನು ಪಡೆದವರು ಪಟ್ಟಿ ಗುಡಿಸಬಹುದು, ಎಣಿಸಬಹುದು, ಸಾಲು ಹುಡುಕುವ ಸೂಚಿಯನ್ನು ಮತ್ತೆ ಜೋಡಿಸಬಹುದು. ಒಂದೇ ಒಂದು ಹೆಸರನ್ನೂ ಓದುವಂತಿಲ್ಲ. ಯಂತ್ರವೇ ತೋರಿಸುವುದಿಲ್ಲ. ಒಡೆಯರು ತಮ್ಮ ಕೈಯಾರೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಮನಸ್ಸಿದ್ದರೆ ಮುಂದುವರಿಸಬೇಕು.

ಕಂಚುಗಾರರ ಬೀದಿಯ ಒಡೆಯರು ಮೌನಾಚಾರ್. ಎಪ್ಪತ್ತರ ಹತ್ತಿರದ ಮನುಷ್ಯ. ಮೂವತ್ತು ವರ್ಷ ಯುಗಾದಿಗೆ ಮುಂಚೆ ತಪ್ಪದೆ ಬೀದಿ ಗುಡಿಸಿದವರು. ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಅಂಬುಜಾಕ್ಷಿ ಕಾಮಾಲೆಯಾಗಿ ತೀರಿಕೊಂಡ ಮೇಲೆ ಅದನ್ನು ಬಿಟ್ಟರು. ಯಾರು ಹೋಗಿ ಕೇಳಿದರೂ, ಮಾಡೋಣ ಮಾಡೋಣ ಎನ್ನುತ್ತಿದ್ದರು. ಮಗಳ ಬರಿನೆಲಕ್ಕೆ ಮುಖ ಮಾಡಿ ಜಗಲಿಯ ಮೇಲೆ ಕೂತಿರುತ್ತಿದ್ದರು. ಹಲೀಮಾ ಮೇಡಂ ಮತ್ತು ನಾನು ಪರವಾನಗಿಯ ವಿಷಯ ಹೇಳಿದಾಗ ಅವರು ತಕರಾರು ಮಾಡಲೇ ಇಲ್ಲ. "ಓದಕ್ಕಾಗಲ್ಲ ತಾನೆ?" ಎಂದು ಒಂದೇ ಮಾತು ಕೇಳಿದರು. ಆಗುವುದಿಲ್ಲ ಎಂದೆವು. ಒಳಗೆ ಹೋಗಿ ಪರದೆಯ ಮುಂದೆ ಕೂತು ನನ್ನ ಹೆಸರಿಗೆ ಗುಡಿಸುವ ಪರವಾನಗಿ ಬರೆದು ಬಂದರು. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಗ್ಗ ಕಟ್ಟಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರಂತೆ. ಅಂದು ಬೀದಿಯ ಒಂದು ಮನೆಗೆ ಮದುವೆಯ ತಟ್ಟೆ ತಂದಿದ್ದ ಹೆಣ್ಣಿನ ಕಡೆಯವರು ಅವನ್ನು ಹೊತ್ತುಕೊಂಡೇ ಹಗ್ಗದಾಚೆ ಕಾದರಂತೆ. ನಾನು ಕಚೇರಿಯಲ್ಲಿ ಯಂತ್ರದ ಮುಂದೆ ಕೂತು ದೇವರನ್ನು ನೆನೆದು ಗುಡಿಸಲು ಹಚ್ಚಿದೆ. ಐದು ನಿಮಿಷಕ್ಕೆ ಪರದೆಯ ಮೇಲೆ ಎರಡು ಸಾಲು ಬಂತು. ತೆಗೆದ ಸಾಲು: ಸೊನ್ನೆ. ಯಾರಿಗೋ ಇನ್ನೂ ಕಾಣುತ್ತಿರುವ ಸಾಲು, ತೆಗೆಯಲಾಗದು: ಎಪ್ಪತ್ತೊಂದು.

ನಾನು ಮೂರು ಸಲ ಗುಡಿಸಿದೆ. ಮೂರು ಸಲವೂ ಸೊನ್ನೆ. ಹಲೀಮಾ ಮೇಡಂ ಬಂದು ನೋಡಿದರು, ಅವರ ಮುಖ ಸಪ್ಪಗಾಯಿತು. ಪಟ್ಟಿಯೊಂದನ್ನು ಯಾರಾದರೂ ತೆರೆದು ಕೂತರೆ ಅವರಿಗೆ ತೆರೆದ ಹೊತ್ತಿನ ಬೀದಿಯೇ ಕಾಣುತ್ತಿರುತ್ತದೆ. ಮುಚ್ಚುವವರೆಗೆ ಹೊರಗೆ ಯಾರು ಹುಟ್ಟಲಿ ಸಾಯಲಿ, ಅವರ ಪಾಲಿಗೆ ಏನೂ ಆಗಿರುವುದಿಲ್ಲ. ಅವರು ಮುಚ್ಚದ ಹೊರತು, ತೆರೆದಾದ ಮೇಲೆ ಹೊಡೆದುಹಾಕಿದ ಯಾವ ಸಾಲನ್ನೂ ಯಂತ್ರ ಗುಡಿಸುವುದಿಲ್ಲ. ಕಂಚುಗಾರರ ಪಟ್ಟಿಯನ್ನು ಯಾರೋ ಎರಡು ವರ್ಷದಿಂದ ತೆರೆದು ಕೂತಿದ್ದರು. ಯಾರೆಂದು ಹೇಳಬೇಕಾಗಿರಲಿಲ್ಲ.

"ನೀವೇ ಇಲ್ಲಿಂದ ಅವರ ತಂತಿ ಕಿತ್ತುಬಿಡಿ ಮೇಡಂ," ಎಂದೆ. "ನಿಮ್ಗೆ ಅಧಿಕಾರ ಇದೆ."

"ಇದೆ. ಇವತ್ತು ಕಿತ್ರೆ ನಾಳೆ ಯಾವ ಒಡೆಯನೂ ಪರವಾನಗಿ ಕೊಡಲ್ಲ. ಮುರಿದು ಒಳಗೆ ಹೋಗೋದಾದ್ರೆ ಕೇಳೋದು ಯಾಕೆ ಬೇಕಿತ್ತು?" ಎಂದರು. ಆಮೇಲೆ, "ನಿನ್ ತಂಗಿ ಅಂತ ಗೊತ್ತು ಮಾದೇವಿ. ಅದಕ್ಕೇ ಹೇಳ್ತಿದೀನಿ, ನೀನೇ ಹೋಗಿ ಮಾತಾಡು," ಎಂದರು. ನನಗೆ ಅವರ ಮೇಲೆ ಮೈ ಉರಿಯಿತು. ಆದರೂ ಬೀದಿಯ ಹಗ್ಗ ಬಿಚ್ಚಲು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅರ್ಧ ಗಂಟೆಗೆ ಮೇಲೆ ನಡೆದು ಮೌನಾಚಾರ್ ಮನೆ ತಲುಪಿದಾಗ ಬಾಯಿ ಒಣಗಿತ್ತು. ಅವರು ನಡುಮನೆಯಲ್ಲಿ ಪರದೆಯ ಮುಂದೆ ಕೂತಿದ್ದರು. ನನಗೆ ಓದುವ ಹಕ್ಕಿಲ್ಲವಾದ್ದರಿಂದ ಪರದೆಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ನಿಂತು ಕೇಳಿದೆ. "ಆಚಾರ್ರೆ, ಪಟ್ಟಿ ತೆರೆದಿಟ್ಟು ಎಷ್ಟು ದಿನ ಆಯ್ತು?"

"ಶ್ರಾವಣಕ್ಕೆ ಎರಡು ವರ್ಷ. ಅವಳು ಹೋದ ಮಾರನೇ ದಿನ ತೆರೆದೆ. ಅದರ ಮಾರನೇ ದಿನ ನಿಮ್ಮ ಕಚೇರಿಯವ್ರು ಹೊಡೆದುಹಾಕಿದ್ರು."

"ಇದು ಮುಚ್ಚದೆ ಇದ್ರೆ ಗುಡಿಸೋಕಾಗಲ್ಲ ಅಂತ ನಿಮ್ಗೆ ಗೊತ್ತಿತ್ತು."

"ಮೂವತ್ತು ವರ್ಷ ಗುಡಿಸಿದೋನಿಗೆ ಗೊತ್ತಿರಲ್ವಾ? ಗುಡಿಸೋ ಪರವಾನಗಿ ಕೇಳಿದ್ರಿ, ಕೊಟ್ಟೆ. ಮುಚ್ಚು ಅಂತ ಯಾರೂ ಕೇಳ್ಲಿಲ್ಲವಲ್ಲಮ್ಮ."

ನಾನು ಅವರ ಕಾಲು ಮುಟ್ಟಿದ್ದು ನೆನಪಾಗಿ ತಡೆಯಲಾರದಷ್ಟು ಸಿಟ್ಟು ಬಂತು. ಹೇಳಬಾರದ್ದನ್ನು ಹೇಳಿಬಿಟ್ಟೆ. "ನಿಮ್ಮ ಮಗಳು ಸತ್ತು ಎರಡು ವರ್ಷ ಆಯ್ತು ಆಚಾರ್ರೆ. ನನ್ ತಂಗಿ ಇನ್ನೂ ಬದುಕಿದಾಳೆ."

ಹಿಂದೆ ಕುರ್ಚಿ ಕಿರುಗುಟ್ಟಿದ ಸದ್ದಾಯಿತು. ಅವರು ಬೈಯಲಿಲ್ಲ. "ಈ ಪರದೇಲಿ ನನ್ ಮಗಳ ಸಾಲು ಇನ್ನೂ ಇದೆ," ಎಂದರು. "ಬೆಳಿಗ್ಗೆ ಎದ್ದು ನೋಡ್ತೀನಿ, ಇರ್ತದೆ. ಮುಚ್ಚಿದ್ರೆ ಮತ್ತೆ ತೆರೆದಾಗ ಇರಲ್ಲ. ನನ್ ಗೋಡೆ ಬಂದು ಪಕ್ಕದ ಮನೆ ಗೋಡೆಗೆ ತಾಗ್ತದೆ, ಅಷ್ಟೆ. ಇರ್ಲಿ. ನಿನ್ ತಂಗಿ ಮನೆ ಪಕ್ಕದಲ್ಲೂ ಒಂದು ನೆಲ ಇದೆಯಲ್ಲ. ಗುಡಿಸಿದ್ರೆ ಅದೂ ಹೋಗ್ತದೆ. ಅವಳನ್ನ ಕೇಳಿದ್ಯೇನಮ್ಮ?"

ಕೇಳಿರಲಿಲ್ಲ. ಒಡೆಯರನ್ನು ಕೇಳಿದ್ದೆ, ಮೇಡಂನ ಕೇಳಿದ್ದೆ, ಬೀದಿಯ ಹಿರಿಯರನ್ನೆಲ್ಲ ಕೇಳಿದ್ದೆ. ಯಾರ ಸಲುವಾಗಿ ಇಷ್ಟೆಲ್ಲ ಮಾಡುತ್ತಿದ್ದೆನೋ ಅವಳನ್ನು ಕೇಳುವುದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿಂದ ಕೆಂಪಾಜಿಯ ಮನೆಗೆ ನಡುವೆ ಐದೇ ಮನೆ; ನಡೆಯಲು ಅರ್ಧ ಗಂಟೆ. ಆ ಅರ್ಧ ಗಂಟೆಯೂ ಅವಳು ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಮಗ್ಗುಲ ಬರಿನೆಲಕ್ಕೂ ಚಿಮುಕಿಸುತ್ತಿದ್ದುದನ್ನೇ ನೆನೆಸಿಕೊಂಡೆ. ಧೂಳು ಏಳದಿರಲಿ ಎಂದು ಹಾಕುತ್ತಾಳೆ ಅಂದುಕೊಂಡಿದ್ದೆ. ಮನೆ ಬಿಟ್ಟು ಬರಲ್ಲ ಎಂದಾಗ ಹಟ ಅಂದುಕೊಂಡಿದ್ದೆ. ಅಕ್ಕ ಎಂದು ಕರೆಸಿಕೊಳ್ಳಲು ನಾಚಿಕೆಯಾಯಿತು.

ಕೆಂಪಾಜಿ ಬಸಳೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅವಳು ದಂಟುಗಳನ್ನೆಲ್ಲ ಒಂದು ಕಡೆ ಒತ್ತಿ, ಸೊಪ್ಪಿಗೆ ನೀರು ಚಿಮುಕಿಸಿ ಮುಚ್ಚಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದಳು. "ನಡಿ ಅಕ್ಕ, ಆಚಾರ್ರ ಮನೆಗೆ ಹೋಗೋಣ," ಎಂದಳು. ಈ ಹೊಟ್ಟೆ ಹೊತ್ತುಕೊಂಡು ಬೇಡ ಎಂದೆ. ಅವಳು ಆಗಲೇ ಹೊಸಿಲು ದಾಟಿದ್ದಳು. ದಾರಿಯಲ್ಲಿ ನಾಲ್ಕು ಕಡೆ ಕೂತು ಸುಧಾರಿಸಿಕೊಂಡಳು. ತನ್ನ ಮನೆಯ ಮಗ್ಗುಲ ನೂರು ಹೆಜ್ಜೆಯನ್ನು ಮಾತ್ರ ನಿಲ್ಲದೆ, ಮೆಲ್ಲಗೆ, ಬರಿಗಾಲಲ್ಲಿ ನಡೆದಳು.

ಮೌನಾಚಾರ್ ಅವಳನ್ನು ಕಂಡು ಗಾಬರಿಯಿಂದ ಎದ್ದು ಕುರ್ಚಿ ಕೊಟ್ಟರು, ಲೋಟದಲ್ಲಿ ನೀರು ತಂದರು. ಅವಳು ಕುಡಿದು ಕೇಳಿದಳು. "ನಂದೊಂದು ಕೇಳ್ಕೋತೀನಿ ಆಚಾರ್ರೆ. ನನ್ ಮಗೀನ ಸಾಲು ಒಂದ್ಸಲ ತೋರಿಸ್ತೀರಾ?"

ಅವರು ಹುಡುಕಿದರು. ಕೀಲಿಗಳನ್ನು ಒತ್ತುವ ಸದ್ದು ಬಹಳ ಹೊತ್ತು ಕೇಳಿತು. ನಾನು ಬಾಗಿಲ ಕಡೆ ಮುಖ ಮಾಡಿ ನಿಂತೇ ಇದ್ದೆ. ಕೊನೆಗೆ ಅವರು, "ಇದ್ರಲ್ಲಿ ಇಲ್ಲಮ್ಮ," ಎಂದರು. "ನಿಮ್ಮನೇಲಿ ನೀನು, ದಾಸಪ್ಪ, ಎರಡೇ ಸಾಲು. ಇದು ನಿನ್ ಮಗು ಹುಟ್ಟೋಕೆ ಮುಂಚಿನ ಬೀದಿ."

"ಹಂಗಾದ್ರೆ ಮುಚ್ಚಿ ಮತ್ತೆ ತೆರೆದ್ರೆ ಕಾಣ್ತದಾ?"

"ಆಗ್ಲೂ ಕಾಣಲ್ಲ. ಹೋದ ವರ್ಷಾನೇ ಹೊಡೆದುಹಾಕಿದಾರೆ."

"ಹಂಗಾದ್ರೆ ಅದು ಯಾರಿಗೂ ಎಲ್ಲೂ ಕಾಣಲ್ಲ."

ಕೆಂಪಾಜಿಯ ದನಿ ಒಡೆಯಲಿಲ್ಲ. ಅದೇ ನನ್ನಿಂದ ತಡೆಯಲಾಗಲಿಲ್ಲ. "ನಿಮ್ಗೆ ಇಷ್ಟು ದಿನ ನೋಡೋಕಾದ್ರೂ ಒಂದು ಸಿಕ್ತು ಆಚಾರ್ರೆ," ಎಂದಳು. "ಹೊಟ್ಟೆಕಿಚ್ಚಿಗೆ ಹೇಳ್ತಿಲ್ಲ. ನಂಗೆ ಆ ನೆಲ ಒಂದೇ ಇರೋದು. ದಿನಾ ನೀರ್ ಹಾಕ್ತೀನಿ. ಅದನ್ನ ಬಿಟ್ಕೊಡ್ತೀನಿ ಅಂತ ನಿಮ್ಗೆ ಹೇಳೋಕೆ ನಡ್ಕೊಂಡ್ ಬಂದೆ. ಹೊಟ್ಟೇಲಿರೋದು ಬದುಕ್ಕೊಳ್ಲಿ."

ಹೊರಗೆ ಯಾರದೋ ಮನೆಯಲ್ಲಿ ಪಾತ್ರೆ ತಟ್ಟುವ ಸದ್ದು ನಿಂತು, ಮತ್ತೆ ಶುರುವಾಯಿತು. ಮೌನಾಚಾರ್, ಎಳೆಯ ಮಕ್ಕಳು ಶಾಲೆಯಲ್ಲಿ ಓದುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಓದಿದರು. "ಹೆಸರು, ಅಂಬುಜಾಕ್ಷಿ. ವಯಸ್ಸು, ಇಪ್ಪತ್ತೊಂಬತ್ತು. ಕಸುಬು, ಹೊಲಿಗೆ ಹೇಳಿಕೊಡೋದು. ಗುರುತು, ಎಡ ಹುಬ್ಬಿನ ಮೇಲೆ ಸುಟ್ಟ ಕಲೆ." ಆಮೇಲೆ, "ಕುಲುಮೆ ಹತ್ರ ಬರಬೇಡ ಅಂದ್ರೂ ಬಂದಿದ್ಲು, ಮೂರು ವರ್ಷದೋಳು," ಎಂದರು. ಅದು ಪಟ್ಟಿಯಲ್ಲಿ ಇದ್ದದ್ದಲ್ಲ.

ಕೆಂಪಾಜಿ ತನ್ನದನ್ನು ಪರದೆಯಿಲ್ಲದೆ ಹೇಳಿದಳು. "ಹೆಸರು, ಇಟ್ಟಿರಲಿಲ್ಲ. ಗಂಡು. ಹನ್ನೊಂದು ದಿನ. ಗುರುತು, ಬಲಗಿವಿ ತುದಿ ಒಂಚೂರು ಮಡಚಿಕೊಂಡಿತ್ತು."

"ಬಲಗಿವಿ," ಎಂದು ಮೌನಾಚಾರ್ ಮೆಲ್ಲಗೆ ಅಂದುಕೊಂಡರು. ಆಮೇಲೆ ಪಟ್ಟಿ ಮುಚ್ಚಿದರು. ಒಂದು ಕೀಲಿ ಒತ್ತುವ ಕೆಲಸ ಅದು. ಅವರು ಒತ್ತುವುದಕ್ಕೆ ಮುಂಚೆ ಎಷ್ಟು ಹೊತ್ತು ಕೂತಿದ್ದರೆಂದು ನನಗೆ ಹೇಳಲಾಗದು. ಬಾಗಿಲಾಚೆ ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಗಿತ್ತು.

ಮಾರನೆಯ ದಿನ ಮತ್ತೆ ಹಗ್ಗ ಕಟ್ಟಿದರು, ನಾನು ಮತ್ತೆ ಗುಡಿಸಿದೆ. ಎಂಟು ನಿಮಿಷವಾಯಿತು. ತೆಗೆದ ಸಾಲು: ಎಪ್ಪತ್ತೊಂದು. ಉಳಿದದ್ದು: ಸೊನ್ನೆ. ನನಗೆ ಯಂತ್ರ ತೋರಿಸಿದ್ದು ಅಷ್ಟೇ, ಒಂದು ಹೆಸರೂ ಇಲ್ಲ. ಆ ಎಪ್ಪತ್ತೊಂದರಲ್ಲಿ ಹೆಚ್ಚಿನವು ಹೆಸರು ತಿದ್ದಿಸಿದ್ದು, ಕಸುಬು ಬದಲಾಯಿಸಿದ್ದು ಇರಬೇಕು. ಎರಡು ಮಾತ್ರ ಯಾರದೆಂದು ನನಗೆ ಗೊತ್ತಿತ್ತು. ಸರಿಯಾಗಿ ಕೆಲಸ ಮಾಡಿದ್ದಕ್ಕೆ ಹಲೀಮಾ ಮೇಡಂ ಬೆನ್ನು ತಟ್ಟಿದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಒಂಬತ್ತನೇ ದಿನ ನಡುಮಧ್ಯಾಹ್ನ ಕೆಂಪಾಜಿಗೆ ನೋವು ಶುರುವಾಯಿತು. ದಾಸಪ್ಪನ ಆಟೋ ಒಂದು ನಿಮಿಷ ಕಳೆಯುವುದರೊಳಗೆ ದೊಡ್ಡ ರಸ್ತೆಗೆ ಬಂತು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನು ಕಾಲು ಗಂಟೆ ತಡವಾಗಿದ್ದರೆ ಎಂದು ಶುರು ಮಾಡಿದ ಡಾಕ್ಟರು ನಮ್ಮ ಮುಖ ನೋಡಿ ಮಾತು ನಿಲ್ಲಿಸಿದರು. ಹೆಣ್ಣು ಮಗು. ಹುಟ್ಟಿದಾಗ ನೀಲಿಗಟ್ಟಿತ್ತು, ಸಂಜೆಗೆಲ್ಲ ಕೆಂಪಗಾಯಿತು.

ಆಮೇಲೆ ಬೇರೆ ಬೀದಿಗಳ ಒಡೆಯರೂ ಒಬ್ಬೊಬ್ಬರಾಗಿ ಪರವಾನಗಿ ಕೊಟ್ಟರು. ನಾನೊಂದು ಕ್ರಮ ಇಟ್ಟುಕೊಂಡೆ, ಅದನ್ನು ಕಚೇರಿಯ ನಿಯಮದಲ್ಲಿ ಯಾರೂ ಬರೆದಿಲ್ಲ. ಗುಡಿಸುವ ಹಿಂದಿನ ದಿನ ಬೀದಿಯಲ್ಲಿ ನಡೆದು, ಬರಿನೆಲ ಇರುವ ಪ್ರತಿ ಮನೆಯ ಬಾಗಿಲು ತಟ್ಟಿ, ನಾಳೆ ಗುಡಿಸ್ತೀವಿ ಎನ್ನುತ್ತೇನೆ. ಕೆಲವರು ಹೂಂ ಎಂದು ಒಳಗೆ ಹೋಗುತ್ತಾರೆ. ಕೆಲವರು ಕೂರಿಸಿ ಹೇಳುತ್ತಾರೆ. ನಾನು ಬರೆದುಕೊಳ್ಳುವುದಿಲ್ಲ, ಎಲ್ಲಿಯೂ ಆಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ. ಒಂದೊಂದು ಬೀದಿಗೆ ಎರಡು ದಿನವೂ ಹಿಡಿಯುತ್ತದೆ. ತಡ ಯಾಕೆ ಎಂದು ಹಲೀಮಾ ಮೇಡಂ ಈವರೆಗೆ ಕೇಳಿಲ್ಲ.

ಮೂರು ತಿಂಗಳು ತುಂಬಿದಾಗ ಪರವಾನಗಿ ಮುಂದುವರಿಸಿಕೊಡಿ ಎಂದು ಕೇಳಲು ಮೌನಾಚಾರ್ ಮನೆಗೆ ಹೋದೆ. ಅವರ ಗೋಡೆ ಈಗ ಪಕ್ಕದ ಮನೆಯ ಗೋಡೆಗೆ ಅಂಟಿ ನಿಂತಿದೆ. ನಡುವೆ ಏನೋ ಇತ್ತೆಂದು ಹೊಸಬರಿಗೆ ಹೇಳಿದರೆ ನಂಬಲಾರರು. ಒಳಗೆ ಕರೆದರು, ಪರದೆ ತೆರೆದರು, ನಾನು ಬೆನ್ನು ಮಾಡಿ ನಿಂತೆ. ಎಷ್ಟು ಹೊತ್ತಾದರೂ ಕೀಲಿ ಒತ್ತುವ ಸದ್ದಿಲ್ಲ. ಮನಸ್ಸು ಬದಲಾಯಿಸಿದರೇನೋ ಅಂದುಕೊಂಡೆ. ಅಷ್ಟರಲ್ಲಿ ಕಿಟಕಿಯಿಂದ, ಐದು ಮನೆ ಆಚೆಯಿಂದ, ಮಗು ಕಿರುಚಿ ಅಳುವುದು ಕೇಳಿಸಿತು.

"ಬೆಳಗಿಂದ ಇದೇ ಆಗ್ಹೋಯ್ತು ಕಣಮ್ಮ," ಎಂದರು ಮೌನಾಚಾರ್. "ನಿನ್ ತಂಗಿಗೆ ಹೇಳು, ಹಾಲು ಸಾಲ್ತಿಲ್ಲವೋ ಏನೋ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡಲ್ಲ."

"ಕಿಟಕಿ ಹಾಕ್ಕೊಳ್ಳಿ ಆಚಾರ್ರೆ," ಎಂದೆ.

ಪರವಾನಗಿ ಮುಂದುವರಿಸಿ ಕೀಲಿ ಒತ್ತಿದ ಸದ್ದಾಯಿತು. ತಿರುಗಿ ನೋಡಿದರೆ ಅವರು ಪರದೆ ಮುಚ್ಚಿ, ನಾನೇನೋ ಆಡಬಾರದ ಮಾತು ಆಡಿದೆನೆಂಬಂತೆ ನನ್ನನ್ನೇ ನೋಡುತ್ತಿದ್ದರು.

"ಹಾಕಿದ್ರೆ ಕೇಳಿಸಲ್ಲವಲ್ಲಮ್ಮ," ಎಂದರು.